ಹಂಗೇರಿಯ ಬಯಲಿನ ಕಪ್ಪು ಕುದುರೆ

ಹಂಗೇರಿ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಬುಡಾಪೆಸ್ಟ್ ನಗರ ಮತ್ತು ಡ್ಯಾನ್ಯೂಬ್ ನದಿ. ಆದರೆ ಆ ದೇಶದವರು ಅಭಿಮಾನದಿಂದ ಕೈತೋರುವುದು ಪೂರ್ವದ ಕಡೆಗೆ. ಅಲ್ಲಿ ‘ಪುಸ್ತ’ ಎಂದು ಕರೆಯುವ ವಿಶಾಲವಾದ ಹುಲ್ಲುಗಾವಲುಂಟು. ಅದರ ಹೃದಯವೇ ಹೊರ್ತೊಬಾದ್ಯ. ಕುದುರೆಯ ಹೆಸರಿಲ್ಲದೆ ಈ ಊರಿನ ಕಥೆಯನ್ನು ಹೇಳುವಂತಿಲ್ಲ.

ನನ್ನ ಅಕ್ಕನ ಮಗನು ದೆಬ್ರೆಸೆನ್ ನಗರದಲ್ಲಿ ವೈದ್ಯವಿದ್ಯಾರ್ಥಿ. ಕಚೇರಿಯಲ್ಲಿ ಕೂಡಿಟ್ಟ ರಜೆಯನ್ನೂ ಬ್ಯಾಂಕಿನಲ್ಲಿ ಕೂಡಿಟ್ಟ ಹಣವನ್ನೂ ಒಟ್ಟಿಗೆ ಖರ್ಚುಮಾಡಿ ಅವನಲ್ಲಿಗೆ ಹೋಗಿದ್ದೆ. “ಮಾವ, ಊರು ನೋಡಿದ್ದಾಯಿತು, ಇನ್ನು ಕುದುರೆ ನೋಡೋಣ ಬನ್ನಿ” ಎಂದು ಅವನೇ ರೈಲು ಹತ್ತಿಸಿದ. ಒಂದು ಗಂಟೆಯೊಳಗೆ ಬಯಲಿನ ನಡುವೆ ಇಳಿದೆವು. ಗುಡ್ಡವಿಲ್ಲ, ದಿಣ್ಣೆಯಿಲ್ಲ, ಆಕಾಶವು ನೆಲಕ್ಕೆ ತಾಕುವ ಗೆರೆಯೊಂದೇ ಕಾಣುವುದು. ಅಲ್ಲಲ್ಲಿ ಬಾವಿಗಳ ಮೇಲೆ ನಮ್ಮ ಹಳ್ಳಿಗಳ ಏತದಂಥ ಏತಗಳು! 1833ರಲ್ಲಿ ಕಟ್ಟಿ ಮುಗಿಸಿದ ಒಂಬತ್ತು ಕಮಾನುಗಳ ಕಲ್ಲುಸೇತುವೆ ಊರಿನ ಹೆಗ್ಗುರುತು. ಅಲ್ಲಿಂದ ಸ್ವಲ್ಪ ದೂರದ ಮಾತ ಎಂಬಲ್ಲಿ ಕುದುರೆಗಳ ಲಾಯ. ಅಲ್ಲಿರುವುದೇ ‘ನೋನಿಯುಸ್’ ತಳಿ.

ಈ ತಳಿಯ ಹುಟ್ಟಿನ ಕಥೆ ಸ್ವಾರಸ್ಯವಾದುದು. ಸೈನ್ಯಕ್ಕೆ ಕುದುರೆಗಳು ಬೇಕೆಂದು ಚಕ್ರವರ್ತಿ ಎರಡನೆಯ ಜೋಸೆಫನು 1784ರಲ್ಲಿ ಹಂಗೇರಿಯ ಆಗ್ನೇಯ ಮೂಲೆಯ ಮೆಝೋಹೆದ್ಯೆಶ್ ಎಂಬಲ್ಲಿ ಒಂದು ದೊಡ್ಡ ಅಶ್ವಶಾಲೆಯನ್ನು ಸ್ಥಾಪಿಸಿದನು. ನೆಪೋಲಿಯನ್ನನ ಯುದ್ಧಗಳಲ್ಲಿ ಫ್ರಾನ್ಸಿನಿಂದ ಸೆರೆಯಾಗಿ ಬಂದ ಕುದುರೆಯೊಂದು 1816ರಲ್ಲಿ ಇಲ್ಲಿಗೆ ತಲುಪಿತು. ನಾರ್ಮಂಡಿಯಲ್ಲಿ 1810ರಲ್ಲಿ ಹುಟ್ಟಿದ ಅದರ ಹೆಸರು ನೋನಿಯುಸ್. ನೋಟಕ್ಕೆ ಅದು ಚೆಲುವನೇನೂ ಅಲ್ಲ. ಭಾರವಾದ ತಲೆ, ಚಿಕ್ಕ ಕಣ್ಣು, ಉದ್ದ ಕಿವಿ, ಮೋಟು ಕತ್ತು, ನೀಳವಾದ ಬೆನ್ನು, ತೀರ ಕೆಳಗೆ ಇಳಿದ ಬಾಲ! ಕುದುರೆಯ ಲಕ್ಷಣ ಬಲ್ಲವರು ಮೂಗು ಮುರಿಯುವುದಕ್ಕೆ ಇಷ್ಟು ಸಾಲದೆ?

ಆದರೆ ಮರಿಗಳು ಹುಟ್ಟತೊಡಗಿದ ಮೇಲೆ ಮೂಗು ಮುರಿದವರೇ ಬೆರಗಾದರು. ತಾಯಿ ಯಾವ ತಳಿಯದೇ ಆಗಿರಲಿ, ಮರಿಗಳು ತಂದೆಗಿಂತ ಅಂದವಾಗಿಯೂ ಒಳ್ಳೆಯ ಮೈಕಟ್ಟುಳ್ಳವಾಗಿಯೂ ಬೆಳೆದುವು. 1832ರವರೆಗೆ, ಎಂದರೆ ಹದಿನಾರು ವರ್ಷಕಾಲ, ಆ ಒಂದೇ ಕುದುರೆಯನ್ನು ತಳಿಗೆ ಬಳಸಿದರು. ಅದರ ಸಂತಾನದಲ್ಲೇ ಮತ್ತೆ ಸಂಬಂಧ ಬೆಳೆಸಿ ಗುಣಗಳನ್ನು ಗಟ್ಟಿಮಾಡಿದರು. 1860ರ ದಶಕದಲ್ಲಿ ಇಂಗ್ಲಿಷ್ ಥರೋಬ್ರೆಡ್ ರಕ್ತವನ್ನು ಬೆರೆಸಿದ್ದರಿಂದ ಉಳಿದ ಕುಂದುಗಳೂ ತಿದ್ದಿದುವು. ಕಡೆಗೆ 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ತಳಿಗೆ ಮನ್ನಣೆ ದೊರೆಯಿತು. ತಾನು ಕಳೆದುಕೊಂಡ ಕುದುರೆಯ ವಂಶಕ್ಕೆ ಫ್ರಾನ್ಸೇ ಕೈಮುಗಿಯಬೇಕಾಯಿತು!

ನೋನಿಯುಸ್ ಹೆಚ್ಚಾಗಿ ಕಪ್ಪು ಇಲ್ಲವೆ ದಟ್ಟ ಕಂದು ಬಣ್ಣದ್ದು. ದಪ್ಪ ಮೂಳೆ, ಅಗಲ ಎದೆ, ತುಸು ಉಬ್ಬಿದ ಮೂಗಿನ ಉದ್ದ ಮುಖ. ಓಟದ ಪಂದ್ಯಕ್ಕೆ ಇದು ಒದಗದು. ತೋಪಿನ ಗಾಡಿ ಎಳೆ ಎಂದರೆ ಎಳೆಯಿತು, ನೇಗಿಲು ಎಂದರೆ ನೇಗಿಲಿಗೆ ಹೆಗಲು ಕೊಟ್ಟಿತು. ನಿಧಾನವಾಗಿ ಬಲಿಯುತ್ತದೆ, ಪ್ರಾಯಕ್ಕೆ ಬರಲು ಆರು ವರ್ಷ ಹಿಡಿಯುತ್ತದೆ. ಆದರೆ ಬಹುಕಾಲ ಬಾಳುತ್ತದೆ. ಸ್ವಭಾವವೋ ಬಹಳ ಸೌಮ್ಯ.

ಆ ಸೌಮ್ಯತೆಯನ್ನು ಮಾತದಲ್ಲಿ ಕಣ್ಣಾರೆ ಕಂಡೆವು. ‘ಚಿಕೋಶ್’ ಎಂಬ ಕುದುರೆ ಕಾಯುವವರು ನೀಲಿಯ ದೊಗಳೆ ಉಡುಪಿನಲ್ಲಿ ಬಂದರು. ಅವರ ಜೀನಿಗೆ ಹೊಟ್ಟೆಪಟ್ಟಿಯೇ ಇಲ್ಲ. ಬೆನ್ನಮೇಲೆ ಸುಮ್ಮನೆ ಇಟ್ಟದ್ದು. ಸವಾರ ಸನ್ನೆ ಮಾಡಿದರೆ ಅಷ್ಟು ದೊಡ್ಡ ಪ್ರಾಣಿ ನಾಯಿಯಂತೆ ಕುಳಿತಿತು, ಮತ್ತೊಂದು ಸನ್ನೆಗೆ ಮಗುವಿನಂತೆ ಮಲಗಿತು. ಅದರ ಮೈಮೇಲೆ ನಿಂತು ಚಾವಟಿಯನ್ನು ಫಟೀರೆಂದು ಹೊಡೆದರೂ ಕದಲಲಿಲ್ಲ. ಮರೆಯಿಲ್ಲದ ಬಯಲಿನಲ್ಲಿ ಅಡಗಿಕೊಳ್ಳಲು ಇದೇ ಉಪಾಯವಾಗಿತ್ತಂತೆ. ಕೊನೆಗೆ ಒಬ್ಬಾತ ಹಿಂದಿನ ಎರಡು ಕುದುರೆಗಳ ಬೆನ್ನಮೇಲೆ ಒಂದೊಂದು ಕಾಲಿಟ್ಟು ನಿಂತು, ಮುಂದೆ ಮೂರನ್ನು ಓಡಿಸುತ್ತ ಐದರ ಲಗಾಮನ್ನೂ ಹಿಡಿದು ಹಾರಿಹೋದ. ಲುಡ್ವಿಗ್ ಕೋಖ್ ಎಂಬ ಆಸ್ಟ್ರಿಯದ ಚಿತ್ರಕಾರ ಕಲ್ಪನೆಯಿಂದ ಬರೆದ ಚಿತ್ರವನ್ನು ಈ ಸವಾರರು ನಿಜಮಾಡಿದರೆಂದು ಹೇಳುತ್ತಾರೆ.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆದರೂ ಮನಸ್ಸಿನಲ್ಲಿ ಒಂದು ಕೊರಗು ಉಳಿಯಿತು. ಎರಡನೆಯ ಮಹಾಯುದ್ಧವು ಹಂಗೇರಿಯ ಕುದುರೆಗಳನ್ನು ಬಹುವಾಗಿ ಬಲಿತೆಗೆದುಕೊಂಡಿತು. ತರುವಾಯ ಸೈನ್ಯಕ್ಕೆ ಕುದುರೆ ಬೇಡವಾಯಿತು. ಹೊಲಕ್ಕೆ ಟ್ರಾಕ್ಟರು ಬಂತು. ದುಡಿಯುವುದಕ್ಕೆಂದೇ ರೂಪಿಸಿದ ಪ್ರಾಣಿಗೆ ದುಡಿಮೆಯೇ ಇಲ್ಲದೆ ಹೋಯಿತು. ಈಗ ನೋನಿಯುಸ್ ಅಪರೂಪದ ತಳಿ. ಕೆಲಸ ತೀರಿದ ಮೇಲೆ ಅದನ್ನು ಯಾರು, ಏಕೆ ಸಾಕಬೇಕು?

ಹಂಗೇರಿಯವರು ಈ ಪ್ರಶ್ನೆಗೆ ತಮ್ಮದೇ ಉತ್ತರ ಕೊಟ್ಟಿದ್ದಾರೆ. ಹೊರ್ತೊಬಾದ್ಯ 1973ರಲ್ಲಿ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು; 1999ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. 2004ರಲ್ಲಿ ಅಲ್ಲಿನ ಸಂಸತ್ತು ದೇಶದ ಹಳೆಯ ಸಾಕುಪ್ರಾಣಿಗಳ ತಳಿಗಳನ್ನು, ನೋನಿಯುಸನ್ನೂ ಕೂಡಿಸಿ, ರಾಷ್ಟ್ರದ ಸಂಪತ್ತೆಂದು ಸಾರಿತು. ಇಂದು ಈ ಕುದುರೆಗಳು ಗಾಡಿಪಂದ್ಯಗಳಲ್ಲಿ ಓಡುತ್ತವೆ, ನಮ್ಮಂಥ ಪ್ರವಾಸಿಗರನ್ನು ಬಯಲು ಸುತ್ತಿಸುತ್ತವೆ. ಇದು ತೋಪು ಎಳೆದ ವಂಶಕ್ಕೆ ತಕ್ಕ ಉದ್ಯೋಗವೇ ಎಂದು ಕೇಳಬಹುದು. ಉದ್ಯೋಗ ಸಣ್ಣದಿರಬಹುದು, ಆದರೆ ವಂಶ ಉಳಿದಿದೆ. ಮುದುಕರಾದವರನ್ನು ಮನೆಯಲ್ಲಿಟ್ಟು ಗೌರವಿಸುವುದು ಅವರು ಇನ್ನೂ ಗಳಿಸುತ್ತಾರೆಂದು ಅಲ್ಲವಷ್ಟೆ. ಯುರೋಪಿಗೆ ಹೋಗುವ ನಮ್ಮ ಬಂಧುಗಳು ಬುಡಾಪೆಸ್ಟಿನಿಂದಲೇ ಹಿಂತಿರುಗದೆ ಇನ್ನೊಂದು ದಿನವನ್ನು ಈ ಬಯಲಿಗೂ ಕೊಡಲಿ ಎಂದು ನನ್ನ ಪ್ರಾರ್ಥನೆ.