ಫ್ರಿಜ್ಜಿನೊಳಗಿನ ಅರ್ಧ ಸಿರಿಂಜು

ಹೋದ ವಾರ ಭೋಜಕ್ಕೆ ಹೋಗಿದ್ದೆ. ವೇದಗಂಗಾ, ದೂಧಗಂಗಾ ಕೂಡುವ ನಮ್ಮೂರು. ಮೊಸರು ತೆಗೆಯಲು ಫ್ರಿಜ್ ತೆರೆದರೆ ಬೆಣ್ಣೆ ಡಬ್ಬಿಯ ಪಕ್ಕ ಒಂದು ಸಿರಿಂಜು! ಪುಣೆಯಿಂದ ಬಂದಿದ್ದ ಚಿಕ್ಕಮ್ಮನ ಮಗಳದು. ತುಟಿ ತುಂಬಿಸಿಕೊಳ್ಳುವ ಫಿಲ್ಲರ್ ಅಂತೆ. 1 ಎಂ.ಎಲ್.ನಲ್ಲಿ ಅರ್ಧ ಉಳಿದಿತ್ತು.

"ಅಷ್ಟ್ ರೊಕ್ಕ ಕೊಟ್ಟೀನಿ ಅಕ್ಕಾ, ಒಗ್ಯಾಕ ಮನಸ್ಸ್ ಬರಲಿಲ್ಲ. ದೀಪಾವಳಿ ಮುಂದ ಬ್ಯಾರೆ ಸೂಜಿ ಹಾಕಿ ಚುಚ್ಚಿಸ್ಕೊಂಡ್ರಾತು" ಅಂದಳು.

ಅವಳನ್ನು ಬೈಯಲು ನನಗೂ ಬಾಯಿ ಬರಲಿಲ್ಲ. ಉಳಿದದ್ದನ್ನು ಎಸೆಯದ ಮನೆ ನಮ್ಮದು. ಅವ್ವನ ಕಟಕ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಆದರೆ ಅದು ಬಾಳುವುದು ಒಣಗಿರುವುದಕ್ಕೆ. ಈ ಹಯಲುರಾನಿಕ್ ಆಸಿಡ್ ಜೆಲ್ ತುಂಬಾ ನೀರೇ. ಕ್ರಿಮಿ ತಡೆಯುವ ಔಷಧಿಯನ್ನೂ ಅದಕ್ಕೆ ಬೆರೆಸಿರುವುದಿಲ್ಲ. ಒಮ್ಮೆ ಚುಚ್ಚಿದ ಮೇಲೆ ಸೂಜಿ ಬದಲಿಸಿದರೂ ಸಿರಿಂಜಿನೊಳಗೆ ಸೇರಿದ ರಕ್ತ, ಕ್ರಿಮಿ ಅಲ್ಲೇ ಇರುತ್ತವೆ. ಫ್ರಿಜ್ಜಿನ ತಂಪು ಅವುಗಳನ್ನು ಕೊಲ್ಲುವುದಿಲ್ಲ. ಕೆಟ್ಟ ಸಾರು ವಾಸನೆಯಿಂದ ಗೊತ್ತಾಗುತ್ತದೆ, ಇದು ಗೊತ್ತಾಗುವುದಿಲ್ಲ. ತುಟಿಯೊಳಗೆ ಹೋದ ಜೆಲ್ ತಿಂಗಳುಗಟ್ಟಲೆ ಕೂತಿರುತ್ತದೆ. ಅದರ ಜೊತೆ ಹೋದ ಕ್ರಿಮಿಯೂ ಕೂತು, ವಾರಗಳ ನಂತರ ಗಂಟಾಗಿ, ಕೀವಾಗಿ ಏಳಬಹುದು. ಅದಕ್ಕೇ ಒಂದು ಸಿರಿಂಜು ಒಬ್ಬರಿಗೆ, ಒಂದೇ ಸಲಕ್ಕೆ.

"ಗೆಳತಿಗೂ ಸ್ವಲ್ಪ ಕೊಡಬೇಕಂತ ಮಾಡಿದ್ದೆ" ಅಂದಾಗ ಮಾತ್ರ ನನಗೆ ಎದೆ ಝಲ್ಲೆಂದಿತು. ಒಬ್ಬರ ರಕ್ತ ತಾಗಿದ್ದು ಇನ್ನೊಬ್ಬರಿಗೆ ಚುಚ್ಚಿದರೆ ಕಾಮಾಲೆ, ಎಚ್.ಐ.ವಿ. ಕೂಡ ದಾಟಬಹುದಲ್ಲ!

ಸಂಜೆ ನಿಪ್ಪಾಣಿಯ ಪರಿಚಯದ ಡಾಕ್ಟರಿಗೆ ಫೋನ್ ಹಚ್ಚಿ ಅವಳ ಕೈಗೇ ಕೊಟ್ಟೆ. ಅವರೂ ಅದನ್ನೇ ಹೇಳಿದರು. ಮರುದಿನ ಸಿರಿಂಜನ್ನು ಅವರ ದವಾಖಾನೆಯ ಸೂಜಿ ಡಬ್ಬಿಗೆ ಹಾಕಿ ಬಂದೆವು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ರೊಕ್ಕ ಹೋಯಿತಲ್ಲ...