ತುಂಬೆಯ ಬಿಳುಪು

ಸಸ್ಯಚಿತ್ರದ ತರಗತಿಗೆ ಸೇರಿ ಐದು ತಿಂಗಳಾಗಿತ್ತು. ಒಂದು ಭಾನುವಾರ ಮೇಡಂ, "ಮುಂದಿನ ವಾರ ಬರುವಾಗ ಚಿಕ್ಕಂದಿನಲ್ಲಿ ಮುಟ್ಟಿ ಆಡಿದ ಒಂದು ಗಿಡ ತನ್ನಿ. ಈ ವರ್ಷದ ನಿಮ್ಮ ಚಿತ್ರ ಅದೇ" ಎಂದರು. ಒಬ್ಬರು ಕರಿಬೇವಿನ ಟೊಂಗೆ ತಂದರು, ಇನ್ನೊಬ್ಬರು ನಂದಿಬಟ್ಟಲು. ನಮ್ಮಲ್ಲೆಲ್ಲ ಕಿರಿಯ ಹುಡುಗ, ಸಾಫ್ಟ್‌ವೇರ್ ಕೆಲಸದವನು, ಮಣ್ಣು ಮೆತ್ತಿದ ಶುಂಠಿಯನ್ನು ಎಲೆ ಸಮೇತ ತಂದು ಮೇಜಿನ ಮೇಲಿಟ್ಟ, ಕೋಣೆಯೆಲ್ಲ ಘಮ್ಮೆಂದಿತು. ನಾನು ನಮ್ಮ ರಸ್ತೆಯ ಕೊನೆಯ ಖಾಲಿ ಸೈಟಿನಿಂದ ಒಂದು ತುಂಬೆ ಗಿಡವನ್ನು ಬೇರು ಸಹಿತ ಕಿತ್ತು, ಒದ್ದೆ ಬಟ್ಟೆ ಸುತ್ತಿ, ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದ್ದೆ. ಮೇಡಂ ಡಬ್ಬಿಯೊಳಗೆ ಬಗ್ಗಿ ನೋಡಿದರು. "ಒಳ್ಳೆಯ ಗಿಡ. ಆದರೆ ಹೂವೂ ಬಿಳಿ, ಕಾಗದವೂ ಬಿಳಿ. ಯೋಚನೆ ಮಾಡಿ ಕೈಹಾಕಿ" ಎಂದರು.

ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. ಅದರಲ್ಲಿ ಬಹುಪಾಲು ಸಹಿ ತಾಳೆ ನೋಡುವುದರಲ್ಲೇ ಕಳೆಯಿತು. ಒಬ್ಬರೇ ಮನುಷ್ಯರು ಒಂದೇ ದಿನ ಹಾಕಿದ ಎರಡು ಸಹಿಗಳೂ ಪೂರ್ತಿ ಒಂದೇ ಥರ ಇರುವುದಿಲ್ಲ, ಆದರೂ ಅವು ಅವರವೇ ಎಂದು ಕಣ್ಣಿಗೆ ಗೊತ್ತಾಗುತ್ತದೆ. ನಿವೃತ್ತಿಯಾದ ವರ್ಷ ಈ ತರಗತಿಗೆ ಸೇರಿದಾಗ ಮೊದಲ ದಿನವೇ ಅದು ನೆನಪಾಯಿತು. ಒಂದೇ ಗಿಡದ ಎರಡು ಎಲೆಗಳೂ ಹಾಗೆಯೇ. ವ್ಯತ್ಯಾಸಗಳ ನಡುವೆ ಯಾವುದು ಆ ಗಿಡದ್ದೇ ಆದ ಗುರುತು ಎಂದು ಹಿಡಿಯುವುದು ಸಸ್ಯಚಿತ್ರದ ಅರ್ಧ ಕೆಲಸ.

ಮೊದಲ ಮೂರು ವಾರ ಬಣ್ಣವೇ ಇರಲಿಲ್ಲ. 2ಎಚ್ ಪೆನ್ಸಿಲ್ಲು, ಮೃದುವಾದ ರಬ್ಬರು, ಒಂದು ಎಲೆ, ಅಷ್ಟೇ. ಜೊತೆಗೆ ಶಾಲೆಯ ಕಂಪಾಸ್ ಬಾಕ್ಸಿನ ಡಿವೈಡರು. ಅದರ ಎರಡು ಮೊನೆಗಳಿಂದ ಎಲೆಯ ತೊಟ್ಟಿನಿಂದ ಮೊದಲ ನರದವರೆಗಿನ ದೂರ ಅಳೆದು, ಹಾಗೇ ಎತ್ತಿ ಕಾಗದದ ಮೇಲೆ ಊರಿ ಚುಕ್ಕೆ ಇಡಬೇಕು. ಗಿಡ ಎಷ್ಟಿದೆಯೋ ಚಿತ್ರವೂ ಅಷ್ಟೇ ಇರಬೇಕೆಂಬುದು ಇಲ್ಲಿಯ ಹಳೆಯ ಪದ್ಧತಿ. ಬೆಳಕು ಎಡಗಡೆ ಮೇಲಿನಿಂದ ಬರಬೇಕೆಂಬುದೂ ಹಾಗೆಯೇ. ಕಾಗದಕ್ಕೆ ಬೆಲೆ ಜಾಸ್ತಿ. ಬಿಸಿ ಉರುಳೆಗಳ ನಡುವೆ ಒತ್ತಿ ತೆಗೆದ 300 ಜಿಎಸ್‌ಎಂ ತೂಕದ ಆ ಹಾಳೆ ಇಸ್ತ್ರಿ ಮಾಡಿದ ಹತ್ತಿ ಸೀರೆಯಂತೆ ನುಣುಪಾಗಿರುತ್ತದೆ, ಸಣ್ಣ ಗೀರನ್ನೂ ಬಚ್ಚಿಡುವುದಿಲ್ಲ. ಕುಂಚದ ತುದಿ ಒಂದೇ ಕೂದಲಾಗಿ ಮೊನೆಗೂಡಬೇಕು.

ಬಣ್ಣ ಬಂದಮೇಲೆ ಮೇಡಂ ಹಾಕಿದ ಕಟ್ಟಳೆ ಒಂದೇ: ಟ್ಯೂಬಿನ ಹಸಿರು ಮುಟ್ಟಕೂಡದು. ಎರಡು ನೀಲಿ, ಎರಡು ಹಳದಿ, ಕಣ್ಣಿಗೆ ಕಾಣದಷ್ಟು ಕೆಂಪು. ಇಷ್ಟರಲ್ಲೇ ಲೋಕದ ಹಸಿರೆಲ್ಲ ಕಲಸಬೇಕು. ಒಂದು ವಾರವಿಡೀ ಚೌಕಗಳನ್ನು ತುಂಬುತ್ತಾ ಕೂತಿದ್ದೆ. ಸೀರೆ ಅಂಗಡಿಯಲ್ಲಿ ಕೇಳಿದ ಹೆಸರುಗಳು ಒಂದೊಂದಾಗಿ ಹಾಳೆಯ ಮೇಲೆ ಮೂಡಿದವು: ಗಿಣಿ ಹಸಿರು, ಪಾಚಿ ಹಸಿರು, ಮಾವಿನ ಚಿಗುರು. ನೀಲಿಗೆ ಒಂದು ಹನಿ ಕೆಂಪು ಹೆಚ್ಚು ಬಿದ್ದಾಗ ಮಳೆ ನಿಂತ ಮೇಲಿನ ಅಡಿಕೆ ತೋಟದ ಒಳಗಿನ ಹಸಿರು ಬಂತು. ಆ ಚೌಕವನ್ನು ಈಗಲೂ ಕತ್ತರಿಸಿ ಇಟ್ಟುಕೊಂಡಿದ್ದೇನೆ.

ತುಂಬೆಗೆ ಬರುತ್ತೇನೆ. ಬೇಲಿಯ ಬುಡದಲ್ಲಿ, ದಾರಿಯ ಪಕ್ಕದಲ್ಲಿ ತಾನೇ ಹುಟ್ಟುವ, ಮೊಣಕಾಲೆತ್ತರದ ಗಿಡ. ಶಿವರಾತ್ರಿಯ ಮುಂಚಿನ ದಿನ ಅಮ್ಮ ನಮ್ಮನ್ನು ಬಟ್ಟಲು ಕೊಟ್ಟು ಅಟ್ಟುತ್ತಿದ್ದಳು. ತುಂಬೆ ಹೂವನ್ನು ಕೀಳುವುದಲ್ಲ, ಟೊಂಗೆ ಹಿಡಿದು ಮೆಲ್ಲಗೆ ತಟ್ಟಿದರೆ ಬಟ್ಟಲಿಗೆ ಉದುರುತ್ತದೆ. ಉದುರಿದ್ದರಲ್ಲಿ ನಾಲ್ಕಾರನ್ನು ನಾವು ಬುಡದಿಂದ ಹೀರಿ ಸಿಹಿ ನೋಡಿ ಬಿಸಾಡುತ್ತಿದ್ದೆವು. ಇಷ್ಟು ಪರಿಚಯದ ಗಿಡದ ಕಾಂಡ ಚೌಕವಾಗಿದೆ ಎಂಬುದು ನನಗೆ ಗೊತ್ತಾದದ್ದು ಅರವತ್ತನೆಯ ವರ್ಷದಲ್ಲಿ, ಮೇಡಂ ಹೇಳಿದಂತೆ ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಹೊರಳಿಸಿದಾಗ. ಟಕ್, ಟಕ್ ಎಂದು ನಾಲ್ಕು ಅಂಚು ಬೆರಳಿಗೆ ತಾಗಿದವು. ಪುದೀನ, ತುಲಸಿ, ಕಾಮಕಸ್ತೂರಿ ಎಲ್ಲ ಇದೇ ಕುಟುಂಬದವು. ಅಂದು ಸಂಜೆ ಮನೆಗೆ ಬಂದು ಫ್ರಿಜ್ಜಿನ ಪುದೀನ ಕಟ್ಟು ಬಿಚ್ಚಿ ಒಂದೊಂದೇ ಕಡ್ಡಿ ಹೊರಳಿಸಿ ನೋಡಿದೆ.

ಹತ್ತು ಪಟ್ಟಿನ ಲೆನ್ಸಿನಡಿ ಹೂವೇ ಬೇರೆ. ಒಂದು ಸೆಂಟಿಮೀಟರಿನಷ್ಟು ಉದ್ದದ ಆ ಬಿಳಿಗೆ ಎರಡು ತುಟಿ. ಕೆಳತುಟಿ ದೊಡ್ಡದು, ಮೂರು ಹಾಲೆಯದು, ಯಾರಿಗೋ ಹಾಸಿಟ್ಟ ಚಾಪೆಯ ಹಾಗೆ ಮುಂದಕ್ಕೆ ಚಾಚಿರುತ್ತದೆ. ಮೇಲುತುಟಿ ಚಿಕ್ಕದು, ಬಾಗಿದ್ದು, ಅದರ ಬೆನ್ನಿಗೆಲ್ಲ ಉಣ್ಣೆಯಂಥ ಬಿಳಿ ರೋಮ, ಚಳಿಗಾಲದಲ್ಲಿ ಮಕ್ಕಳಿಗೆ ಹಾಕುವ ಕುಲಾವಿಯಂತೆ. ಆ ಕುಲಾವಿಯೊಳಗೆ ನಾಲ್ಕು ಕೇಸರಗಳು, ಎರಡು ಉದ್ದ, ಎರಡು ಗಿಡ್ಡ. ಹೂವಿನ ಬುಡವನ್ನು ಹಿಡಿದಿರುವುದು ಹಸಿರು ಪುಷ್ಪಪಾತ್ರೆ, ಗೆರೆಗೆರೆಯ ಸಣ್ಣ ಬಟ್ಟಲು. ಹೂವು ಉದುರಿದ ಮೇಲೂ ಬಟ್ಟಲು ಉಳಿಯುತ್ತದೆ. ಒಣಗಿದ್ದನ್ನು ಬಿಳಿ ಕಾಗದದ ಮೇಲೆ ತಟ್ಟಿದರೆ ಕಂದು ಬಣ್ಣದ ಪುಟಾಣಿ ಬೀಜಗಳು ಉರುಳುತ್ತವೆ, ಒಂದು ಬಟ್ಟಲಿಗೆ ನಾಲ್ಕು. ಮೊಗ್ಗು, ಹೂವು, ಒಣ ಬಟ್ಟಲು, ಬೀಜ, ಬೇರು ಎಲ್ಲ ಒಂದೇ ಹಾಳೆಯಲ್ಲಿ ಬರಬೇಕು. ಫೋಟೋ ಆ ಒಂದು ಗಿಡದ ಆ ಒಂದು ಗಳಿಗೆಯನ್ನು ಹಿಡಿಯುತ್ತದೆ. ಸಸ್ಯಚಿತ್ರದಲ್ಲಿ ಗಿಡದ ಇಡೀ ಆಯುಷ್ಯ ಒಟ್ಟಿಗೆ ಕೂತಿರುತ್ತದೆ.

ಹೀಗಾಗಿ ಬರೆಯುವ ಕ್ರಮಕ್ಕೂ ಒಂದು ಲೆಕ್ಕವಿದೆ. ಯಾವುದು ಬೇಗ ಹೋಗುತ್ತದೋ ಅದು ಮೊದಲು. ಮೊದಲು ಹೂವು, ಆಮೇಲೆ ಮೊಗ್ಗು, ಆಮೇಲೆ ಎಲೆ, ಕಾಂಡ, ಕೊನೆಗೆ ಬೇರು. ತುಂಬೆಯಂಥ ಮುಟ್ಟಿದರೆ ಉದುರುವ ಹೂವಿಗೆ ಪ್ರತಿ ಭಾನುವಾರ ಹೊಸ ಟೊಂಗೆ ತರಬೇಕು. ಹನ್ನೊಂದು ವಾರ ತಂದೆ. ಹಾಳೆಯ ಮೇಲೆ ಈಗಿರುವುದು ಒಂದು ಗಿಡವಾದರೂ ಅದಕ್ಕೆ ಹನ್ನೊಂದು ಗಿಡಗಳ ಋಣವಿದೆ.

ಈ ಬಗೆಯ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ 'ಹಾರ್ಟಸ್ ಮಲಬಾರಿಕಸ್‌'ನ 12 ಸಂಪುಟಗಳಲ್ಲಿ ಪಶ್ಚಿಮ ಕರಾವಳಿಯ ಗಿಡಮರಗಳು ಪುಟ ತುಂಬಾ ನಿಂತಿವೆ. ಲಾಲ್‌ಬಾಗಿನಲ್ಲಿ ಉದ್ಯಾನದ ಮೇಲ್ವಿಚಾರಕರಾಗಿದ್ದ ಕ್ಯಾಮರನ್ ಸಾಹೇಬರ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಕಲಾವಿದರು ಅಲ್ಲಿಯ ಸಸ್ಯಗಳನ್ನು ಬರೆದರು. ನನ್ನನ್ನು ತುಂಬಾ ತಟ್ಟಿದ್ದು ಮಾತ್ರ ನಮ್ಮ ಊರಿನದೇ ಸಂಗತಿ. ಮದ್ರಾಸಿನಲ್ಲಿ ಹುಟ್ಟಿ ಎಡಿನ್‌ಬರೋದಲ್ಲಿ ಓದಿದ ಹ್ಯೂ ಕ್ಲೆಗ್‌ಹಾರ್ನ್ ಎಂಬ ಡಾಕ್ಟರು 1845ರ ಸುಮಾರಿಗೆ ಶಿವಮೊಗ್ಗದಲ್ಲಿದ್ದರು. ದಿನಕ್ಕೊಂದು ಗಿಡವನ್ನು ಕಾಲು ಗಂಟೆ ಗಮನವಿಟ್ಟು ನೋಡಬೇಕೆಂದು ಸಸ್ಯಶಾಸ್ತ್ರಜ್ಞ ವಿಲಿಯಂ ಹುಕರ್ ಈ ಡಾಕ್ಟರಿಗೆ ಬುದ್ಧಿ ಹೇಳಿದ್ದರಂತೆ. ಕ್ಲೆಗ್‌ಹಾರ್ನ್ ಒಬ್ಬ ಮರಾಠಿ ಕಲಾವಿದನನ್ನು ಇಟ್ಟುಕೊಂಡು ದಿನವೂ ಒಂದು ಗಿಡ ಬರೆಸಿದರು. ಆ ಹಾಳೆಗಳು ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ, ಬರೆದವನ ಹೆಸರು ಉಳಿದಿಲ್ಲ. ಇದೇ ಕ್ಲೆಗ್‌ಹಾರ್ನರಿಗೂ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟರಿಗೂ ಬರೆದುಕೊಟ್ಟ ಗೋವಿಂದು ಎಂಬ ತೆಲುಗು ಕಲಾವಿದನ ಹೆಸರನ್ನು ವೈಟ್ ಒಂದು ಆರ್ಕಿಡ್ ಕುಲಕ್ಕೇ ಇಟ್ಟರು, ಗೋವಿಂದೂಯಾ ಎಂದು. ಆ ಸಸ್ಯ ಈಗ ಬೇರೆ ಹೆಸರಿನಲ್ಲಿದೆ. ಹೆಸರು ಉಳಿಯದ ಆ ಮರಾಠಿ ಕಲಾವಿದನೋ, ದಿನಕ್ಕೊಂದು ಗಿಡ! ತುಂಗೆಯ ದಡದ ನನ್ನ ಊರಿನಲ್ಲಿ, ಯಾವುದೋ ಮನೆಯ ಜಗಲಿಯಲ್ಲಿ, ಎಡಗಡೆಯ ಬೆಳಕಿಗೆ ಹಾಳೆ ತಿರುಗಿಸಿಕೊಂಡು, ಬಾಡುವ ಮುಂಚೆ ಮುಗಿಸಬೇಕೆಂಬ ಧಾವಂತದಲ್ಲಿ ಕೂತಿದ್ದ ಆ ಮನುಷ್ಯನನ್ನು ನಾನು ಎಷ್ಟೋ ಸಲ ನೆನೆಯುತ್ತೇನೆ. ಅವನ ಕಣ್ಣಿಗೂ ತುಂಬೆ ಬಿದ್ದಿರಲೇಬೇಕು.

ಬಿಳುಪಿನ ಸಮಸ್ಯೆ ಹಾಗೇ ಇತ್ತು. ಬಿಳಿ ಬಣ್ಣ ಬಳಿದು ನೋಡಿದೆ; ಹೂವು ಸುಣ್ಣದ ಉಂಡೆಯಾಯಿತು. ಮೇಡಂ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂತು, "ಇದರಲ್ಲಿ ಬಿಳಿ ಎಲ್ಲಿದೆ ತೋರಿಸಿ" ಎಂದರು. ಅರ್ಧ ಗಂಟೆ ನೋಡಿದೆ. ಕೆಳತುಟಿಯ ಮಡಿಕೆಯಲ್ಲಿ ತೆಳು ನೀಲಿ. ಎಲೆಗೆ ತಾಗುವ ಅಂಚಿನಲ್ಲಿ ಎಲೆಯದೇ ಹಸಿರಿನ ನೆರಳು. ಕೊಳವೆಯ ಬುಡಕ್ಕೆ ಹೋದಂತೆ ಮಜ್ಜಿಗೆಯಂಥ ಹಳದಿ ಛಾಯೆ. ನಿಜವಾದ ಬಿಳಿ ಕುಲಾವಿಯ ನೆತ್ತಿಯಲ್ಲಿ, ಚಾಪೆಯ ತುದಿಯಲ್ಲಿ, ಅಕ್ಕಿಕಾಳಿನಷ್ಟು. ಅಲ್ಲಿ ಕುಂಚ ಮುಟ್ಟಲೇ ಇಲ್ಲ. ಕಾಗದವನ್ನು ಹಾಗೇ ಬಿಟ್ಟೆ. ನೀಲಿಗೆ ಒಂದು ಚೂರು ಇಟ್ಟಿಗೆ ಬಣ್ಣ ಬೆರೆಸಿ, ನೀರು ಸುರಿದು, ಲೋಟದಲ್ಲಿ ಕುಂಚ ತೊಳೆದ ನೀರಿಗಿಂತ ತುಸುವೇ ಗಟ್ಟಿಯಾದ ಬೂದಿಯಿಂದ ಮಡಿಕೆ ತೋರಿಸಿದೆ. ಆಮೇಲೆ ಹೂವಿನ ಹಿಂದಿನ ಎಲೆಗಳಿಗೆ ಒಂದರ ಮೇಲೊಂದು ಏಳು ಪದರ ಹಸಿರು ಕೊಟ್ಟೆ, ಕೊನೆಯ ಪದರಗಳನ್ನು ಹೆಚ್ಚುಕಡಿಮೆ ಒಣಗಿದ ಕುಂಚದಿಂದ. ಎಲೆ ಕಪ್ಪಾಗುತ್ತಾ ಹೋದಂತೆ ಹೂವು ಒಂದು ಹನಿ ಬಣ್ಣವಿಲ್ಲದೆ ಬೆಳ್ಳಗಾಗುತ್ತಾ ಬಂತು. ಏಳನೆಯ ಪದರ ಒಣಗುವಾಗ ಮೇಜಿನಿಂದ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತು ನೋಡಿದೆ. ಸೈಟಿನ ಬೇಲಿಯಲ್ಲಿ ಬೆಳಗಿನ ಹೊತ್ತು ಕಂಡದ್ದೇ ಅಲ್ಲಿತ್ತು.

ಚಿತ್ರವನ್ನು ಹಲಗೆಗೆ ಅಂಟಿಸಿ, ಬಟ್ಟೆ ಸುತ್ತಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿವಮೊಗ್ಗಕ್ಕೆ ಒಯ್ದೆ. ಅಮ್ಮನಿಗೆ ಎಂಬತ್ತಮೂರು. ಕನ್ನಡಕ ಒರೆಸಿಕೊಂಡು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದಳು. "ಹೂ ಎಷ್ಟು ಚೆನ್ನಾಗಿ ಬಿಡಿಸಿದೀಯೇ, ಉದುರಿಬಿಡುತ್ತೇನೋ ಅನ್ನಿಸುತ್ತೆ" ಎಂದಳು. ನನ್ನ ಕಣ್ಣು ತುಂಬಿತು. ಆಮೇಲೆ ಬೆರಳು ಕೆಳಗಿಳಿಸಿ, ಹೂವಿಲ್ಲದ ಒಂದು ಬಟ್ಟಲಿನ ಮೇಲೆ ನಿಲ್ಲಿಸಿದಳು.

"ಇದು ಮಾತ್ರ ಸರಿ ಇಲ್ಲ ಕಣೇ. ತುಂಬೆ ಬಟ್ಟಲಿಗೆ ಇಷ್ಟು ದುಂಡಗಿನ ಬಾಯಿ ಎಲ್ಲಿರುತ್ತೆ? ಓರೆ ಬಾಯಿ ಅದಕ್ಕೆ. ಮೇಲ್ಗಡೆ ಮುಂದಕ್ಕೆ ಬಂದಿರುತ್ತೆ."

ಹನ್ನೊಂದು ವಾರ ಲೆನ್ಸಿನಲ್ಲಿ ನೋಡಿದವಳು ನಾನು. ಮರುದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ಬಾವಿಕಟ್ಟೆಯ ಪಕ್ಕದ ತುಂಬೆಯನ್ನು ಹಿಡಿದು ಒಂದೊಂದೇ ಬಟ್ಟಲು ತಿರುಗಿಸಿ ನೋಡಿದೆ. ಪ್ರತಿಯೊಂದರ ಬಾಯಿಯೂ ಓರೆ, ಮೇಲಂಚು ಮುಂಚಾಚಿ, ಅದರ ತುದಿಯಲ್ಲಿ ಉಳಿದವಕ್ಕಿಂತ ದೊಡ್ಡದಾದ ಒಂದು ಹಲ್ಲು. ಊರಿಗೆ ತಂದಿದ್ದ ಸಸ್ಯಶಾಸ್ತ್ರದ ಪುಸ್ತಕ ತೆರೆದೆ. ನಮ್ಮ ತುಂಬೆಯನ್ನು, ಎಂದರೆ ಲ್ಯೂಕಸ್ ಆಸ್ಪೆರಾವನ್ನು, ಅದರ ಅಕ್ಕತಂಗಿಯರಿಂದ ಬೇರೆ ಮಾಡಿ ತೋರಿಸುವ ಗುರುತುಗಳಲ್ಲಿ ಆ ಓರೆ ಬಾಯಿಯೂ ಒಂದು. ಅಮ್ಮ ಸಸ್ಯಶಾಸ್ತ್ರ ಓದಿದವಳಲ್ಲ. ಎಷ್ಟು ಶಿವರಾತ್ರಿಗಳಲ್ಲಿ ಎಷ್ಟು ಸಾವಿರ ಟೊಂಗೆಗಳನ್ನು ತಟ್ಟಿದ ಕೈ ಅದು.

ನುಣುಪು ಕಾಗದದಲ್ಲಿ ಒಣಗಿದ ಬಣ್ಣವನ್ನು ಪೂರ್ತಿ ತೆಗೆಯಲಾಗುವುದಿಲ್ಲ. ಚೀಲದಲ್ಲಿ ಇನ್ನೊಂದು ಹಾಳೆ ಇತ್ತು. ಹಿಂದಿನ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತೆ. ಅಮ್ಮ ಎದುರಿನ ಮೆಟ್ಟಿಲ ಮೇಲೆ ಕೂತು, ಹೂವು ಉದುರದ ಹಾಗೆ ಬುಡದಲ್ಲಿ ಹಿಡಿದು, ಒಂದು ಟೊಂಗೆಯನ್ನು ಬೆಳಕಿಗೆ ತಿರುಗಿಸಿಕೊಟ್ಟಳು. ಈ ಸಲ ಹೂವಿಗಿಂತ ಮೊದಲು ಆ ಓರೆ ಬಾಯಿ ಬರೆದೆ.