ಮೌನೇಶ್ವರರ ಊರಿನ ಹಾಡು

ಮೌನವನ್ನೇ ಹೆಸರಿನಲ್ಲಿ ಹೊತ್ತ ಸಂತರ ಊರಿನಲ್ಲಿ ಜಾತ್ರೆಯ ರಾತ್ರಿ ಯಾರೂ ಮೌನದಿಂದಿರುವುದಿಲ್ಲ. ಸುರಪುರದ ಸೀಮೆಯ ತಿಂಥಣಿಯಲ್ಲಿ, ಕೃಷ್ಣೆಯ ದಡದ ಆ ಬಯಲಿನಲ್ಲಿ, ಒಂದೆಡೆ ಏಕತಾರಿ, ಇನ್ನೊಂದೆಡೆ ದಮ್ಮಡಿ. ನಡುನಡುವೆ ಬಳೆಗಾರನ ಕೂಗು, ಬೆಂಡು ಬತ್ತಾಸಿನ ಅಂಗಡಿಯವನ ಚೌಕಾಸಿ. ದೇವರಗೋನಾಲದ ವಿಶ್ವಕರ್ಮ ಮನೆತನದಲ್ಲಿ ಹುಟ್ಟಿ, ಆದಿಲಶಾಹಿಗಳ ಕಾಲದಲ್ಲಿ ಬಾಳಿ, ವಚನಗಳನ್ನು ನುಡಿದ ಮೌನೇಶ್ವರರು ಕೆಲವರ ಬಾಯಲ್ಲಿ ಮೋನಪ್ಪಯ್ಯ, ಕೆಲವರ ಬಾಯಲ್ಲಿ ಮೋನುದ್ದೀನ್. ಕಾಯಿ ಒಡೆಯಿಸುವವರೂ ಸಕ್ಕರೆ ಓದಿಸುವವರೂ ಒಂದೇ ಹೊಸ್ತಿಲನ್ನು ದಾಟುವ ಸ್ಥಳವದು.

ಒಂದು ಜಾತ್ರೆಯ ರಾತ್ರಿ ಬೆಂಗಳೂರಿನಿಂದ ಬಂದ ಕುಟುಂಬವೊಂದು ಭಜನೆಯ ಮೇಳದ ಪಕ್ಕದಲ್ಲಿ ಕಂಬಳಿ ಹಾಸಿ ಕುಳಿತಿತ್ತು. ಹಿರಿಯಾಕೆ ಈ ಸೀಮೆಯಲ್ಲೇ ಹುಟ್ಟಿ ಬೆಳೆದವಳು. ಮಗನ ನೌಕರಿಯ ಬೆನ್ನು ಹಿಡಿದು ರಾಜಧಾನಿ ಸೇರಿದವಳು. ಮೊಮ್ಮಗಳು ಸಂಗೀತ ಕಲಿಯುತ್ತಿರುವ ಹುಡುಗಿ. ಮೇಳದವರು ತತ್ತ್ವಪದವೊಂದನ್ನು ಎತ್ತಿಕೊಂಡರು. ಎರಡು ನುಡಿ ಮುಗಿಯುವಷ್ಟರಲ್ಲಿ ಮುದುಕಿಯ ತುಟಿ ಅಲುಗತೊಡಗಿತು. ಧಾಟಿ ಅದೇ, ಆದರೆ ಮಾತು ಬೇರೆ. ಮೇಳ ಗುರುವಿನ ಕರುಣೆಯನ್ನು ಹಾಡುತ್ತಿದ್ದರೆ, ಈಕೆ ತವರಿನ ದಾರಿಯನ್ನೂ ಅಣ್ಣನ ಬಂಡಿಯನ್ನೂ ಹಾಡುತ್ತಿದ್ದಳು.

“ಆಯಿ, ಇದು ಯಾವ ಹಾಡು?”

“ನಮ್ಮವ್ವ ಜೋಳ ಬೀಸುವಾಗ ಹಾಡ್ತಿದ್ಳು.”

“ಅದು ಮನೆಯ ಹಾಡು, ಇದು ದೇವರ ಹಾಡು. ಧಾಟಿ ಒಂದೇ ಹೇಗಾಯಿತು?”

ಮುದುಕಿ ನಕ್ಕಳು. “ಬೀಸೋಕಲ್ಲಿಗಿ ಕೈ ಮುಗಿದೇ ಕೂಡ್ತಿದ್ವಿ. ಅದ್ರಾಗ ದೇವರದು ಯಾವ್ದು, ಮನೀದು ಯಾವ್ದು?”

ಹುಡುಗಿಯ ಪ್ರಶ್ನೆಗೂ ಕಾರಣವಿತ್ತು. ನವರಾತ್ರಿಯ ಭಜನೆಯಲ್ಲಿ ದೇವರನಾಮವೊಂದನ್ನು ಚಲನಚಿತ್ರದ ಧಾಟಿಯಲ್ಲಿ ಹಾಡಿ ಆಕೆ ಹಿರಿಯರಿಂದ ಬೈಸಿಕೊಂಡಿದ್ದಳು. ಬೈದವರದೂ ಅಕಾರಣವಾದ ಕೋಪವಲ್ಲ. ಧಾಟಿಯನ್ನು ಕೇಳಿದೊಡನೆ ಮನಸ್ಸು ದೇವರನ್ನು ಬಿಟ್ಟು ನಾಯಕ ನಾಯಕಿಯರ ಹಿಂದೆ ಓಡಿದರೆ ಭಜನೆಯ ಗತಿಯೇನು?

ಇದೇ ಭಯ ಯೂರೋಪಿನ ಧರ್ಮಗುರುಗಳನ್ನೂ ಕಾಡಿತ್ತು. 1324ರ ಸುಮಾರಿಗೆ ಪೋಪ್ ಇಪ್ಪತ್ತೆರಡನೆಯ ಜಾನ್, ಸ್ವರಗಳನ್ನು ಚೂರುಚೂರಾಗಿ ಒಡೆದು, ಜನಭಾಷೆಯ ಹಾಡುಗಳನ್ನು ಬೆರೆಸಿ ದೇವಾಲಯದ ಗಾನವನ್ನು ಕೆಡಿಸುತ್ತಿದ್ದಾರೆಂದು ಆಜ್ಞೆಯನ್ನೇ ಹೊರಡಿಸಿದನು. ಆದರೆ ಅದಕ್ಕೂ ಮೊದಲೇ, ಹದಿಮೂರನೆಯ ಶತಮಾನದಲ್ಲಿ, ಇಂಗ್ಲೆಂಡಿನ ರೆಡಿಂಗ್ ಮಠದೊಡನೆ ಹೆಸರು ಬೆಸೆದುಕೊಂಡಿರುವ ಹಸ್ತಪ್ರತಿಯೊಂದರಲ್ಲಿ ಒಂದು ಸೋಜಿಗ ನಡೆದುಹೋಗಿತ್ತು. ಬೇಸಗೆ ಬಂದಿತೆಂದು ಕೋಗಿಲೆಯನ್ನು ಕರೆಯುವ ಇಂಗ್ಲಿಷ್ ಹಾಡು. ಅದೇ ಸ್ವರಗಳ ಕೆಳಗೆ ಕ್ರಿಸ್ತನ ಬಲಿದಾನವನ್ನು ಹೇಳುವ ಲ್ಯಾಟಿನ್ ಸಾಹಿತ್ಯ. ಹಾಡುವವನು ಯಾವುದನ್ನು ಬೇಕಾದರೂ ಹಾಡಿಕೊಳ್ಳಬಹುದು. ಆ ಹೊತ್ತಿಗೆಯಲ್ಲಿ ಸೇರದೆ ಇದ್ದಿದ್ದರೆ ಹೊಲದ ಆ ಕೋಗಿಲೆ ಇಂದು ಯಾರ ಕಿವಿಗೂ ಕೇಳಿಸುತ್ತಿರಲಿಲ್ಲವೋ ಏನೋ!

ನಮ್ಮ ಸೀಮೆಯಲ್ಲಿ ಬೇಲಿ ಮೊದಲಿನಿಂದಲೂ ತೆಳುವಾಗಿತ್ತು. 1580ರಿಂದ 1627ರವರೆಗೆ ವಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲಶಾಹಿ ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದನು. ತನ್ನ ‘ಕಿತಾಬೆ ನವರಸ್’ ಎಂಬ ಗೀತಗಳ ಹೊತ್ತಿಗೆಯಲ್ಲಿ ಸರಸ್ವತಿಯನ್ನೂ ಕಲಬುರಗಿಯ ಬಂದೇನವಾಜರನ್ನೂ ನೆನೆದನು. ಅರಮನೆಯ ಮಾತು ಹಾಗಿರಲಿ. ಹಳ್ಳಿಯ ಗುರುಗಳು ಇನ್ನೂ ಮುಂದೆ ಹೋದರು. ಕಡಕೋಳದ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರಿನ ಜಲಾಲಸಾಹೇಬರೂ ಒಬ್ಬರು. ಶಿಶುನಾಳದ ಶರೀಫ ಸಾಹೇಬರು (1819–1889) ಗೋವಿಂದಭಟ್ಟರಿಂದ ಉಪದೇಶ ಪಡೆದರು. ಕುಂಬಾರನ ಗಡಿಗೆ, ನೇಕಾರನ ಮಗ್ಗ, ಒಕ್ಕಲಿಗನ ಹೊಲ ಎಲ್ಲವೂ ತತ್ತ್ವಪದಗಳಲ್ಲಿ ಆತ್ಮವಿಚಾರದ ಮಾತಾಡಿದುವು. ಮೊಹರಮ್ಮಿನ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಹಾಡಿದರು.

ಹೀಗೆ ಕೊಟ್ಟು ತೆಗೆದುಕೊಂಡವರಲ್ಲಿ ಉಳಿದವರು ಯಾರು, ಹೋದವರು ಯಾರು ಎಂದು ನೋಡಿದಾಗ ಮಾತ್ರ ಮನಸ್ಸು ಭಾರವಾಗುತ್ತದೆ. ದೇವರ ಹಾಡಿಗೆ ಜಾತ್ರೆಯಿದೆ, ಮೇಳವಿದೆ, ವರ್ಷಕ್ಕೊಮ್ಮೆ ತಪ್ಪದೆ ಬರುವ ದಿನವಿದೆ. ಬೀಸುವ ಪದಕ್ಕಿದ್ದದ್ದು ಬೀಸುವ ಕಲ್ಲು ಒಂದೇ. ಹಂತಿಯ ಪದಕ್ಕಿದ್ದದ್ದು ಕಣದಲ್ಲಿ ಸುತ್ತುವ ಎತ್ತುಗಳು. ಹಿಟ್ಟಿನ ಗಿರಣಿ ಬಂದಿತು, ರಾಶಿ ಮಾಡುವ ಯಂತ್ರ ಬಂದಿತು. ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು. ಆ ಬಿಡುವನ್ನು ಬೇಡವೆನ್ನುವಷ್ಟು ಕಠಿಣ ಹೃದಯ ಯಾರಿಗಿದೆ? ನಸುಕಿನ ಚಳಿಯಲ್ಲಿ ಕಲ್ಲು ತಿರುವಿದ ಕೈಗಳಿಗೆ ಆ ಹಾಡು ವಿನೋದವಾಗಿರಲಿಲ್ಲ, ಆಸರೆಯಾಗಿತ್ತು. ಶ್ರಮ ಹೋಯಿತು; ಅದರೊಡನೆ ಆಸರೆಯೂ ಯಾರಿಗೂ ತಿಳಿಯದಂತೆ ಎದ್ದುಹೋಯಿತು.

ಮೇಳದ ಪದ ಮುಗಿಯಿತು. ಹುಡುಗಿ ತನ್ನ ಮೊಬೈಲನ್ನು ಅಜ್ಜಿಯ ಮುಂದೆ ಹಿಡಿದಳು. “ಆಯಿ, ಪೂರಾ ಹಾಡು.”

ಮುದುಕಿ ಕಣ್ಣು ಮುಚ್ಚಿ ಆರಂಭಿಸಿದಳು. ತವರಿನ ದಾರಿ ಬಂದಿತು, ಅಣ್ಣನ ಬಂಡಿ ಬಂದಿತು. ಮೂರನೆಯ ಸಾಲಿನಲ್ಲಿ ನಿಂತಳು. ಕೈ ತನಗೆ ತಾನೇ ಕಂಬಳಿಯ ಮೇಲೆ ಗುಂಡಗೆ ತಿರುಗತೊಡಗಿತು, ಗೂಟ ಹಿಡಿದು ಕಲ್ಲು ತಿರುವಿದಂತೆ. ಮಾತು ಮಾತ್ರ ಬರಲಿಲ್ಲ.

“ಮುಂದಿಂದು ನೆಪ್ಪಿಲ್ಲವ್ವ. ಅವ್ವನ ಕೂಡ ಹೋತು.”

ಅಷ್ಟರಲ್ಲಿ ಮೇಳದವರು ಮತ್ತೊಂದು ಪದಕ್ಕೆ ಶ್ರುತಿ ಹಿಡಿದರು. ಹುಡುಗಿ ಮೊಬೈಲನ್ನು ಮಡಿಲಲ್ಲಿಟ್ಟು, ಕೇಳಿದಷ್ಟನ್ನು ಮೆಲ್ಲಗೆ ಗುನುಗಿಕೊಂಡಳು. ಮೂರನೆಯ ಸಾಲಿನಾಚೆಗೆ ಮಾತಿರಲಿಲ್ಲವಾಗಿ ಬರಿಯ ಧಾಟಿಯನ್ನೇ ಮುಂದುವರಿಸಿದಳು. ಅಜ್ಜಿಯ ಕೈ ಮತ್ತೆ ತಿರುಗತೊಡಗಿತು.